ಅಂಗೈ ಹುಣ್ಣಿಗೂ ಕನ್ನಡಿ ಬೇಕು



ಬೀಜದ ಕಂಪನಿಗಳು ‘ಹೊಸದು ಕಂಡುಹಿಡಿದೆವು’ ಅಂತ ಪೇಟೆಂಟ್ ಕೇಳ್ತವೆ. ಸಿಕ್ಕಿತೋ, ಅರ್ಜಿ ಹಾಕಿದ ದಿನದಿಂದ 20 ವರ್ಷ ಅದರ ಹಕ್ಕು ಅವರದೇ. ಬೆಲೆ ಕಟ್ಟುವವರು ಅವರು, ಸಾಲ ಮಾಡಿ ಕೊಳ್ಳುವವರು ನಾವು. ಹಾಗಾಗಿ ಅದು ನಿಜಕ್ಕೂ ಹೊಸ ಬುದ್ಧಿಯ ಫಲವೋ, ಬಲ್ಲವರಿಗೆಲ್ಲ ಹೊಳೆಯುವಂಥದ್ದೋ ಎಂಬ ಪ್ರಶ್ನೆ ನಮ್ಮ ಜೇಬಿನ ಪ್ರಶ್ನೆ.

ಇದನ್ನು ಹೇಗೆ ತೂಗುತ್ತಾರೆ? ಆ ಕಸುಬಿನಲ್ಲಿ ಪಳಗಿದ ಒಬ್ಬನನ್ನು ಕಾನೂನು ಊಹಿಸಿಕೊಳ್ಳುತ್ತದೆ. ಅವನು ಮಹಾಪಂಡಿತನಲ್ಲ, ಏನೂ ಅರಿಯದವನೂ ಅಲ್ಲ. ಅರ್ಜಿಗೆ ಮೊದಲು ಬಹಿರಂಗವಾಗಿದ್ದ ತಿಳಿವಳಿಕೆಯನ್ನೆಲ್ಲ ಅವನ ಮುಂದಿಟ್ಟರೆ ಈ ಕೆಲಸ ಸಹಜವಾಗಿ ಹೊಳೆಯುತ್ತಿತ್ತೇ? ಹೌದಾದರೆ ಪೇಟೆಂಟ್ ಇಲ್ಲ. ಆದರೆ ಎಲ್ಲ ಆದ ಮೇಲೆ ‘ಅಯ್ಯೋ, ಇಷ್ಟೇನಾ’ ಅಂದರೆ ನಡೆಯಲ್ಲ.

ಮೊನ್ಸಾಂಟೊ ಕಂಪನಿಯ ಪ್ರಕರಣ ನೋಡಿ. ಒಂದು ಜೀನನ್ನು ಗಿಡಕ್ಕೆ ಸೇರಿಸಿ ಬರ, ಬಿಸಿಲು, ಚಳಿ ತಾಳುವಂತೆ ಮಾಡುವ ವಿಧಾನಕ್ಕೆ ಅದು ಪೇಟೆಂಟ್ ಕೇಳಿತು. ಪೇಟೆಂಟ್ ಕಚೇರಿ ಕೊಡಲಿಲ್ಲ. ಕಂಪನಿ ಮೇಲ್ಮನವಿ ಹೋಯಿತು. 2013ರ ಜುಲೈನಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಳ್ಳಿಹಾಕಿತು. ಗಿಡ, ಬೀಜಗಳಿಗೆ ಪೇಟೆಂಟ್ ಇಲ್ಲ ಎನ್ನುವ ಕಲಮನ್ನು ನಾವು ನಂಬಿ ಕೂತಿದ್ದೇವಲ್ಲ, ಇಲ್ಲಿ ಅದು ಕೈಹಿಡಿಯಲಿಲ್ಲ. ಇದರಲ್ಲಿ ಮನುಷ್ಯನ ಕೈವಾಡ ಇದೆ ಎಂದಿತು ಮಂಡಳಿ. ಕೈಹಿಡಿದದ್ದು ಬೇರೆ: ಆ ಪ್ರೋಟೀನಿನ ಗುಣ ಮೊದಲೇ ಗೊತ್ತಿತ್ತು, ಅದನ್ನು ಗಿಡಕ್ಕೆ ಹಾಕಿ ನೋಡುವುದು ಬಲ್ಲವನಿಗೆ ಹೊಳೆಯುವಂಥದ್ದೇ ಎಂಬ ತೀರ್ಮಾನ.

ಇಲ್ಲೇ ಪಾಠ ಇರೋದು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತೀವಿ. ಪೇಟೆಂಟ್ ವ್ಯಾಜ್ಯದಲ್ಲಿ ಅಂಗೈ ಹುಣ್ಣಿಗೂ ಕನ್ನಡಿ ಬೇಕು! ಮೊದಲೇ ಗೊತ್ತಿತ್ತು ಎಂಬುದಕ್ಕೆ ತಾರೀಖಿನ ಸಮೇತ ಪುರಾವೆ ಬೇಕು. ವಿಜ್ಞಾನಿಯ ತಿಳಿವಳಿಕೆ ಅಚ್ಚಾಗಿರುತ್ತದೆ, ನಮ್ಮದು ಬಾಯಲ್ಲೇ ಇರುತ್ತದೆ. ಊರಿನ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡ ಅರಿವನ್ನೂ ಮುಂದಿಟ್ಟು ತಕರಾರು ಹಾಕಬಹುದು ಅಂತ ನಮ್ಮ ಪೇಟೆಂಟ್ ಕಾನೂನಿನ 25ನೇ ಕಲಮು ಹೇಳುತ್ತದೆ. ಆದರೆ ಹೇಳುವವರು ಯಾರು?

ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವುದಕ್ಕೆ ಮೊದಲು, ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. 2021ರಲ್ಲಿ ಆ ಮೇಲ್ಮನವಿ ಮಂಡಳಿಯೇ ರದ್ದಾಯಿತು. ಈಗ ಮೇಲ್ಮನವಿ ಅಂದರೆ ಹೈಕೋರ್ಟು. ಅಲ್ಲಿಯವರೆಗೆ ಎಳೆದಾಡಲು ಕಂಪನಿಗೆ ದುಡ್ಡಿದೆ, ನಮಗಿಲ್ಲ. ಆದ್ದರಿಂದ ಮೊದಲ ಬಾಗಿಲಲ್ಲೇ ತಡೆಯಬೇಕು. ಪ್ರತಿ ಊರಿನ ಬೀಜ, ಬಿತ್ತನೆ, ಔಷಧಿಯ ಪದ್ಧತಿಗಳನ್ನು ತಾರೀಖು ಹಾಕಿ ಬರೆದಿಡಿ, ಅಚ್ಚು ಹಾಕಿಸಿ. ಸಾಲದ ಲೆಕ್ಕ ಬರೆಯುವ ಕೈ ಅರಿವಿನ ಲೆಕ್ಕವನ್ನೂ ಬರೆಯಲಿ.