ಐದನೇ ದಿನ ಕೇಳಲೇಬೇಕಾದ ಪ್ರಶ್ನೆ

ಮಗುವಿನ ಜ್ವರ ಇಳಿದರೆ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ಆದರೆ ಜ್ವರ ತಾನಾಗಿ ಇಳಿದ ಮೇಲೂ ಹೃದಯದ ರಕ್ತನಾಳಗಳನ್ನು ಒಳಗೊಳಗೇ ಕೆಡಿಸುವ ಅಪರೂಪದ ಕಾಯಿಲೆಯೊಂದಿದೆ. ಅದರ ಹೆಸರು ಕವಾಸಾಕಿ. ಬಹುಪಾಲು ಐದು ವರ್ಷದೊಳಗಿನ ಮಕ್ಕಳನ್ನೇ ಕಾಡುವ ಈ ಕಾಯಿಲೆಗೆ ಕಾರಣ ಇನ್ನೂ ಖಚಿತವಾಗಿಲ್ಲ. ಮದ್ದು ಮಾತ್ರ ಇದೆ. ಮದ್ದಿದ್ದೂ ಒಂದು ಮಗು ಹೃದ್ರೋಗಿಯಾದರೆ ಆ ಹೊಣೆಯಿಂದ ನಾವು ನುಣುಚಿಕೊಳ್ಳುವಂತಿಲ್ಲ.

ತಾಯಂದಿರೇ, ತಂದೆಯಂದಿರೇ, ಜ್ವರದ ದಿನಗಳನ್ನು ಎಣಿಸಿ. ಐದು ದಿನವಾದರೂ ಜ್ವರ ಬಿಡದಿದ್ದರೆ ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿ. ಪಿಸುರಿಲ್ಲದೆ ಎರಡೂ ಕಣ್ಣು ಕೆಂಪಾಗಿವೆಯೇ? ತುಟಿ ಒಡೆದು, ನಾಲಿಗೆ ಕೆಂಪೇರಿದೆಯೇ? ಮೈಮೇಲೆ ದದ್ದು ಎದ್ದಿದೆಯೇ? ಅಂಗೈ, ಅಂಗಾಲು ಊದಿವೆಯೇ? ಕತ್ತಿನಲ್ಲಿ ಗಂಟು ಕಟ್ಟಿದೆಯೇ? ಇವೆಲ್ಲ ಒಟ್ಟಿಗೇ ಕಾಣಿಸಬೇಕೆಂದಿಲ್ಲ. ನಿನ್ನೆ ಇದ್ದ ದದ್ದು ಇಂದು ಮಾಯವಾಗಿರಬಹುದು. ಕಂಡದ್ದನ್ನು ಕಂಡಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ. ಆರು ತಿಂಗಳೊಳಗಿನ ಕೂಸಿನಲ್ಲಂತೂ ಜ್ವರದ ಹೊರತು ಹೆಚ್ಚೇನೂ ಕಾಣದೆ ಹೋಗಬಹುದು. ಹೃದಯಕ್ಕೆ ಅಪಾಯ ಹೆಚ್ಚಿರುವುದೂ ಅಂಥ ಕೂಸಿಗೇ.

ದದ್ದು ಕಂಡೊಡನೆ ‘ಅಮ್ಮ ಆಗಿದೆ’ ಎಂದು ಬೇವಿನ ಸೊಪ್ಪು ಹಾಸಿ ಕಾಯುವ ಮನೆಗಳು ಇಂದಿಗೂ ಇವೆ. ದಡಾರವೆಂದೋ ಔಷಧಿಯ ಅಲರ್ಜಿಯೆಂದೋ ಕಲಿತವರೂ ಮೋಸ ಹೋಗುತ್ತಾರೆ. ಕಾಯುವುದಕ್ಕೆ ಇಲ್ಲಿ ವೇಳೆಯಿಲ್ಲ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಹೃದಯಕ್ಕೇ ರಕ್ತ ಉಣಿಸುವ ಕೊರೊನರಿ ನಾಳಗಳು ಉಬ್ಬಿ ಕೆಡುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಎಳೆಯ ಮಗುವಿಗೂ ಹೃದಯಾಘಾತವಾದೀತು. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೋಗ್ಲೋಬುಲಿನ್ ಡ್ರಿಪ್ ಕೊಟ್ಟರೆ ಈ ಅಪಾಯ ನೂರಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ. ಜೊತೆಗೆ ಕೊಡುವ ಆಸ್ಪಿರಿನ್ ವೈದ್ಯರು ಹೇಳಿದಷ್ಟೇ. ಜ್ವರದ ಮಗುವಿಗೆ ಅದನ್ನು ನೀವಾಗಿ ಕೊಡಕೂಡದು.

ವೈದ್ಯರೇ, 1961ರಲ್ಲಿ ಟೋಕಿಯೋದ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನನ್ನು ನೋಡಿದ ಡಾ. ತೊಮಿಸಾಕು ಕವಾಸಾಕಿ, ತಾವು ಬಲ್ಲ ಯಾವ ರೋಗದ ಹೆಸರನ್ನೂ ಅವನಿಗೆ ಅಂಟಿಸಲಿಲ್ಲ. ರೋಗ ಯಾವುದೆಂದು ತಿಳಿಯಲಿಲ್ಲ ಎಂದೇ ದಾಖಲಿಸಿದರು. ಅಂಥವೇ ಲಕ್ಷಣಗಳಿದ್ದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, 1967ರಲ್ಲಿ ಐವತ್ತು ಮಕ್ಕಳ ವಿವರ ಪ್ರಕಟಿಸಿದರು. ಆ ಪ್ರಾಮಾಣಿಕತೆ ನಿಮ್ಮಲ್ಲೂ ಇರಲಿ. ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ಬದಲಿಸುವ ಮುನ್ನ ಒಮ್ಮೆ ಹೃದಯದ ಎಕೋ ಪರೀಕ್ಷೆ ಮಾಡಿಸಿ. ಮೊದಲ ಎಕೋ ಸರಿಯಿದ್ದ ಮಾತ್ರಕ್ಕೆ ಕವಾಸಾಕಿ ಅಲ್ಲವೆನ್ನಬೇಡಿ. ಸೌಲಭ್ಯವಿಲ್ಲದಿದ್ದರೆ ಅಂದೇ ದೊಡ್ಡಾಸ್ಪತ್ರೆಗೆ ಬರೆದುಕೊಡಿ.

ಸರ್ಕಾರ ನಡೆಸುವವರೇ, ಈ ಇಮ್ಯುನೋಗ್ಲೋಬುಲಿನ್ ಮದ್ದು ತಯಾರಾಗುವುದು ಸಾವಿರಾರು ದಾನಿಗಳ ಪ್ಲಾಸ್ಮಾದಿಂದ. ಮಗುವಿನ ಪ್ರತಿ ಕಿಲೋ ತೂಕಕ್ಕೆ 2 ಗ್ರಾಂ ಬೇಕು. ಹತ್ತು ಕಿಲೋ ಮಗುವಿಗೆ 20 ಗ್ರಾಂ. ಕೂಲಿ ಮಾಡುವ ತಂದೆ ಇಷ್ಟು ದುಬಾರಿ ಮದ್ದಿಗೆ ದುಡ್ಡು ಹೊಂದಿಸುವಷ್ಟರಲ್ಲಿ ಆ ಹತ್ತು ದಿನ ಕಳೆದುಹೋಗಿರುತ್ತವೆ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇದು ಉಚಿತವಾಗಿ, ಕೇಳಿದ ದಿನವೇ ಸಿಗಬೇಕು. ಹಾವು ಕಚ್ಚಿದವನ ಮದ್ದಿಗೆ ಟೆಂಡರ್ ಮುಗಿಯಲಿ ಎನ್ನುವುದುಂಟೇ?

ಆಶಾ ಕಾರ್ಯಕರ್ತೆಯರೇ, ಅಂಗನವಾಡಿಯ ಅಕ್ಕಂದಿರೇ, ಮುಂದಿನ ತಾಯಂದಿರ ಸಭೆಯಲ್ಲಿ ಈ ಕಾಯಿಲೆಯ ಹೆಸರು ಹೇಳಿ, ಲಕ್ಷಣಗಳನ್ನು ಗೋಡೆಗೆ ಬರೆದು ಹಾಕಿ. ಮಗುವಿನ ಜ್ವರ ಐದನೇ ದಿನಕ್ಕೆ ಕಾಲಿಟ್ಟರೆ, ‘ಡಾಕ್ಟ್ರೇ, ಇದು ಕವಾಸಾಕಿ ಇರಬಹುದಾ?’ ಎಂದು ಯಾವ ತಾಯಿಯೂ ಅಂಜದೆ ಕೇಳುವಂತಾಗಲಿ. ಕೇಳಿದವಳನ್ನು ಗದರಿಸದೆ ಉತ್ತರ ಕೊಡುವುದು ಉಳಿದವರೆಲ್ಲರ ಕರ್ತವ್ಯ.