ಕೂಸು ಹುಟ್ಟುವ ಮುನ್ನ ಕುಲಾವಿ

ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಕಂಪ್ಯೂಟರಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಆರು ತಿಂಗಳಿಂದ ಗೋಗರೆದಿದ್ದಾನೆ. ಅಪ್ಪ ಹೇಗೋ ಹಣ ಹೊಂದಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡೋಣ ಎನ್ನುವಷ್ಟರಲ್ಲಿ ಮಗನೇ ತಡೆಯುತ್ತಾನೆ: ‘ಈಗ ಬೇಡಪ್ಪಾ. ಮುಂದಿನ ಕಾರ್ಡು ಬರುತ್ತಂತೆ. ಎರಡು ಪಟ್ಟು ವೇಗವಂತೆ, ಬೆಲೆಯೂ ಕಡಿಮೆಯಂತೆ.’ ಸುಮಾರು ಎರಡು ವರ್ಷಕ್ಕೊಮ್ಮೆ ನೆರೆಯುವ ಈ ಅಂತೆ ಕಂತೆಗಳ ಸಂತೆಯಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು?

ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಜಾಣ ಮೇಷ್ಟ್ರಿದ್ದಂತೆ. ಕಷ್ಟದ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಗ್ರಾಫಿಕ್ಸ್ ಚಿಪ್‌ನೊಳಗೆ ಇರುವುದು ಸಾವಿರಾರು ಪುಟ್ಟ ಲೆಕ್ಕಿಗರು. ಸುಲಭದ ಲೆಕ್ಕಗಳನ್ನು ಎಲ್ಲರೂ ಒಟ್ಟಿಗೇ ಮಾಡಿ ಮುಗಿಸುತ್ತಾರೆ. ಪರದೆಯ ಲಕ್ಷಾಂತರ ಬಿಂದುಗಳಿಗೆ ಬಣ್ಣ ತುಂಬುವುದಕ್ಕೂ ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೂ ಬೇಕಾದದ್ದು ಇದೇ.

ಊಹಾಪೋಹ ಶುರುವಾಗುವುದು ಈ ಲೆಕ್ಕಿಗರ ತಲೆ ಎಣಿಕೆಯಿಂದ. ಕಾರ್ಡ್ ಜೋಡಿಸುವ ಕಂಪನಿಗಳು ಫ್ಯಾನು, ವಿದ್ಯುತ್ ಸರಬರಾಜು ಇವನ್ನೆಲ್ಲ ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದ್ದರಿಂದ ಚಿಪ್‌ನ ವಿವರಗಳು ಹಲವರ ಕೈಗೆ ಮುಂಚೆಯೇ ಸಿಗುತ್ತವೆ, ಹೊರಗೂ ಸೋರುತ್ತವೆ. ಹೀಗೆ ಸೋರಿದ ಅಂಕಿಗಳು ಎಷ್ಟೋ ಸಲ ನಿಜವೇ ಆಗಿರುತ್ತವೆ. ತಪ್ಪುವುದು ಅವುಗಳಿಂದ ಕಟ್ಟುವ ಲೆಕ್ಕ. ಎನ್ವಿಡಿಯಾ ಕಂಪನಿ 2018ರಲ್ಲಿ ತಂದ ಆರ್‌ಟಿಎಕ್ಸ್ 2080 ಕಾರ್ಡಿನಲ್ಲಿ 2,944 ಲೆಕ್ಕಿಗರಿದ್ದರು. 2020ರ ಆರ್‌ಟಿಎಕ್ಸ್ 3080ರಲ್ಲಿ 8,704, ಅಂದರೆ ಹತ್ತಿರಹತ್ತಿರ ಮೂರು ಪಟ್ಟು. ಆದರೆ ಆಟಗಳಲ್ಲಿ ಅಳೆದು ನೋಡಿದಾಗ ಸರಾಸರಿ ವೇಗ ಎರಡು ಪಟ್ಟನ್ನೂ ಮುಟ್ಟಲಿಲ್ಲ. ಹೊಸ ಚಿಪ್‌ನ ಅರ್ಧದಷ್ಟು ಲೆಕ್ಕಿಗರು ದಶಾಂಶದ ಲೆಕ್ಕದ ಜತೆಗೆ ಪೂರ್ಣಾಂಕದ ಲೆಕ್ಕವನ್ನೂ ಹೊರಬೇಕಿತ್ತು. ಅಷ್ಟು ಜನರಿಗೆ ಅಂಕಿಗಳನ್ನು ಒದಗಿಸುವ ಮೆಮೊರಿಯ ವೇಗವೂ ಮೂರು ಪಟ್ಟು ಆಗಿರಲಿಲ್ಲ. ಅಡುಗೆಯವರು ಮೂರು ಪಟ್ಟಾದರೂ ಒಲೆ ಅಷ್ಟೇ ಇದ್ದರೆ ಊಟ ಬೇಗ ಆದೀತೆ?

ಇನ್ನು ಕಂಪನಿಯೇ ವೇದಿಕೆಯ ಮೇಲೆ ಹೇಳುವ ಮಾತು. 2025ರ ಜನವರಿ 6ರಂದು ಲಾಸ್ ವೇಗಸ್‌ನಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡ್ ಹಿಂದಿನ ಪೀಳಿಗೆಯ ಆರ್‌ಟಿಎಕ್ಸ್ 4090ರ ಸಾಮರ್ಥ್ಯ ಕೊಡುತ್ತದೆ ಎಂದರು. 4090ರ ಬೆಲೆ 2022ರಲ್ಲಿ 1,599 ಡಾಲರ್. ಅದರಲ್ಲಿ 16,384 ಲೆಕ್ಕಿಗರು. 5070ರಲ್ಲಿ ಇರುವವರು 6,144 ಮಾತ್ರ. ಇದು ಹೇಗೆ ಸಾಧ್ಯ? ಗುಟ್ಟು ಇದ್ದದ್ದು ಎಣಿಕೆಯ ರೀತಿಯಲ್ಲಿ. ಹೊಸ ಕಾರ್ಡ್ ನಿಜವಾಗಿ ಬಿಡಿಸಿದ ಒಂದು ಚಿತ್ರಕ್ಕೆ ಕೃತಕ ಬುದ್ಧಿಮತ್ತೆಯಿಂದ ಊಹಿಸಿದ ಮೂರು ಚಿತ್ರಗಳವರೆಗೆ ಆಗ ಸೇರಿಸಬಲ್ಲದಾಗಿತ್ತು. ಪರದೆಯ ಮೇಲೆ ಚಲನೆ ನಯವಾಗಿ ಕಾಣುತ್ತದೆ, ನಿಜ. ಆದರೆ ಆಡುವವನ ಕೈಗೆ ಸಿಗುವ ಸ್ಪಂದನ ಬಿಡಿಸಿದ ಚಿತ್ರಗಳನ್ನೇ ಅವಲಂಬಿಸಿರುತ್ತದೆ. ಮಾರ್ಚ್ 2025ರಲ್ಲಿ ಸ್ವತಂತ್ರ ಪರೀಕ್ಷಕರು ಊಹೆಯ ಚಿತ್ರಗಳನ್ನು ಬದಿಗಿಟ್ಟು ಅಳೆದಾಗ 5070, 4090ಕ್ಕಿಂತ ಬಹಳ ಹಿಂದೆ ಉಳಿಯಿತು. ಪ್ರಾಜೆಕ್ಟ್ ಕೆಲಸಕ್ಕಂತೂ ಊಹೆಯ ಚಿತ್ರಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಬೆಲೆಯ ವಿಷಯದಲ್ಲಿ ಭವಿಷ್ಯ ನುಡಿಯುವುದು ಇನ್ನೂ ಕಷ್ಟ. ಚಿಪ್‌ನ ರಚನೆ ವರ್ಷಗಳ ಮೊದಲೇ ತೀರ್ಮಾನವಾಗಿರುತ್ತದೆ; ಬೆಲೆ ಕೊನೆಯ ಗಳಿಗೆಯವರೆಗೂ ಬದಲಾಗಬಹುದು. 2019ರಲ್ಲಿ ಎಎಂಡಿ ಕಂಪನಿ ತನ್ನ ಆರ್‌ಎಕ್ಸ್ 5700 ಎಕ್ಸ್‌ಟಿ ಕಾರ್ಡಿಗೆ 449 ಡಾಲರ್ ಎಂದು ಸಾರಿ, ಪ್ರತಿಸ್ಪರ್ಧಿಯ ಹೊಸ ಕಾರ್ಡುಗಳು ಬಂದದ್ದೇ ತಡ, ಮಾರಾಟಕ್ಕೆ ಎರಡು ದಿನವಿರುವಾಗ 399ಕ್ಕೆ ಇಳಿಸಿತು. 2022ರಲ್ಲಿ ಎನ್ವಿಡಿಯಾ 899 ಡಾಲರಿಗೆ ಘೋಷಿಸಿದ 12 ಗಿಗಾಬೈಟಿನ ಆರ್‌ಟಿಎಕ್ಸ್ 4080 ಕಾರ್ಡನ್ನು ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು. ಅದೇ ಕಾರ್ಡ್ 2023ರ ಜನವರಿಯಲ್ಲಿ 4070 ಟಿಐ ಎಂಬ ಹೊಸ ಹೆಸರು ಹೊತ್ತು 799 ಡಾಲರಿಗೆ ಬಂತು. ಕಂಪನಿಯೇ ಹೀಗೆ ಮನಸ್ಸು ಬದಲಿಸುವಾಗ ಹೊರಗಿನವರು ಮೊದಲೇ ತಿಳಿಯುವುದೆಲ್ಲಿ ಬಂತು?

ಘೋಷಿಸಿದ ಬೆಲೆಗೆ ಅಂಗಡಿಯಲ್ಲಿ ಸಿಗುತ್ತದೆಂಬ ಖಾತರಿಯೂ ಇಲ್ಲ. 699 ಡಾಲರಿನ 3080 ಬಂದಾಗ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ಜನ ಕಾರ್ಡುಗಳನ್ನು ಮುಗಿಬಿದ್ದು ಕೊಂಡರು. 2021ರಲ್ಲಿ ಅದು ಎರಡು ಪಟ್ಟಿಗೂ ಹೆಚ್ಚು ಬೆಲೆಗೆ ಕೈಬದಲಾಯಿತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ ಆ ಗಣಿಗಾರಿಕೆ ನಿಂತಿತು. ನಮ್ಮಲ್ಲಿ ಡಾಲರಿನ ದರದ ಮೇಲೆ ಶೇ 18ರ ಜಿಎಸ್‌ಟಿ, ಸಾಗಣೆ, ಲಾಭ ಎಲ್ಲ ಸೇರುತ್ತವೆ. 549 ಡಾಲರ್ ಅಂದಿನ ವಿನಿಮಯ ದರದಲ್ಲಿ ಸುಮಾರು 47,000 ರೂಪಾಯಿ. ಭಾರತದಲ್ಲಿ 5070ಕ್ಕೆ ಘೋಷಿಸಿದ ಆರಂಭಿಕ ಬೆಲೆ 59,000. ಕಾದರೆ ಅಗ್ಗವಾದೀತೆಂಬ ನಂಬಿಕೆಯೂ 2025ರ ಕೊನೆಯಲ್ಲಿ ಅಲುಗಾಡಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆಯೇ ಜಿಗಿಯಿತು.

ಹಾಗಾದರೆ ಅಪ್ಪ ಮಗ ಏನು ಮಾಡಬೇಕು? ಮೊದಲು ಕೆಲಸ ಯಾವುದೆಂದು ಕೇಳಿಕೊಳ್ಳಬೇಕು. ಪ್ರೋಗ್ರಾಮಿಂಗ್ ಕಲಿಯಲು ದುಬಾರಿ ಕಾರ್ಡ್ ಬೇಕಿಲ್ಲ. ಯಂತ್ರಕಲಿಕೆಯ ಮೊದಲ ಪಾಠಗಳಿಗೆ ಗೂಗಲ್ ಕೊಲ್ಯಾಬ್‌ನಂಥ ಸೇವೆಗಳಲ್ಲಿ ಮಿತವಾಗಿ ಉಚಿತವಾಗಿಯೇ ಗ್ರಾಫಿಕ್ಸ್ ಚಿಪ್ ಸಿಗುತ್ತದೆ. ಕೊಳ್ಳಲೇಬೇಕಾದರೆ ವೇಗಕ್ಕಿಂತ ಮೊದಲು ಮೆಮೊರಿ ನೋಡುವುದು ಜಾಣತನ. ಕಾರ್ಡ್ ನಿಧಾನವಾದರೆ ಕೆಲಸ ತಡವಾಗಿ ಮುಗಿದೀತು; ಮೆಮೊರಿ ಸಾಲದಿದ್ದರೆ ಕೆಲಸ ಶುರುವಾಗುವುದೇ ಕಷ್ಟ. 2025ರ ಏಪ್ರಿಲ್‌ನಲ್ಲಿ ಬಂದ 5060 ಟಿಐ ಕಾರ್ಡಿನ 8 ಮತ್ತು 16 ಗಿಗಾಬೈಟ್ ಮಾದರಿಗಳ ಘೋಷಿತ ಬೆಲೆಯಲ್ಲಿದ್ದ ಅಂತರ 50 ಡಾಲರ್ ಮಾತ್ರ. ಮನೆಯ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆ ಸಾಕೇ ಎಂಬುದನ್ನೂ ನೋಡಬೇಕು. 5070ಕ್ಕೆ 650 ವಾಟ್‌ನದು ಬೇಕೆನ್ನುತ್ತದೆ ಕಂಪನಿ.

ಹೊಸ ಕಾರ್ಡಿಗೆ ದಿನಾಂಕ ಗೊತ್ತಾಗಿದ್ದರೆ ಕೆಲವು ವಾರ ಕಾದು, ಸ್ವತಂತ್ರ ಪರೀಕ್ಷೆಯ ಫಲಿತಾಂಶವನ್ನೂ ಅಂಗಡಿಯ ಬೆಲೆಯನ್ನೂ ನೋಡಿ ಕೊಳ್ಳುವುದು ಸರಿ. ಬರೀ ‘ಅಂತೆ’ಗಾಗಿ ಒಂದು ಸೆಮಿಸ್ಟರನ್ನೇ ಕಳೆಯುವುದು ಸರಿಯಲ್ಲ. ಅದಕ್ಕಿಂತಲೂ ಮುಂದಿನ ಕಾರ್ಡಿನ ವದಂತಿ ಅದರ ಹಿಂದೆಯೇ ಬರುತ್ತದೆ. ಕೂಸು ಹುಟ್ಟಲಿ, ತಲೆಯ ಅಳತೆ ಸಿಗಲಿ. ಕುಲಾವಿ ಹೊಲಿಸಲು ಆಗ ತಡವೇನೂ ಆಗುವುದಿಲ್ಲ.