ಬೆಕ್ಕು ಕಟ್ಟಿದ್ದು ಯಾಕೆ?

ಶ್ರಾದ್ಧದ ದಿನ ಬೆಕ್ಕು ಕಟ್ಟಿದ ಕತೆ ಎಲ್ಲರಿಗೂ ಗೊತ್ತು. ಹಾಲಿಗೆ ಬಾಯಿ ಹಾಕೀತೆಂದು ಅಪ್ಪ ಮನೆಯ ಬೆಕ್ಕನ್ನು ಕಂಬಕ್ಕೆ ಕಟ್ಟಿದ. ಮಗನ ಕಾಲಕ್ಕೆ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಪಕ್ಕದ ಮನೆಯಿಂದ ಒಂದನ್ನು ಹಿಡಿದು ತಂದು ಕಟ್ಟಿದ ಮೇಲೆಯೇ ಶ್ರಾದ್ಧ ಶುರುವಾಯಿತು. ಕಾರಣ ಮರೆತುಹೋಯಿತು, ಪದ್ಧತಿ ಉಳಿಯಿತು.

ಕಂಪ್ಯೂಟರ್ ಲೋಕದಲ್ಲೂ ಇಂಥ ಬೆಕ್ಕುಗಳಿವೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ತಂತ್ರಾಂಶ ಬರೆದರು. ದೊಡ್ಡ ಪ್ರೋಗ್ರಾಮಿನಲ್ಲಿ ಬದಲಾದ ಭಾಗವನ್ನಷ್ಟೇ ಹೊಸದಾಗಿ ಕಟ್ಟಿಕೊಡುವುದು ಅದರ ಕೆಲಸ. ಅದಕ್ಕೆ ಕೊಡುವ ಆದೇಶದ ಸಾಲು ‘ಟ್ಯಾಬ್’ನಿಂದಲೇ ಆರಂಭವಾಗಬೇಕು. ಅದರ ಬದಲು ಎಂಟು ಖಾಲಿ ಜಾಗ ಬಿಟ್ಟರೆ ಕಣ್ಣಿಗೆ ಎರಡೂ ಒಂದೇ, ಮೇಕ್‌ಗೆ ಮಾತ್ರ ತಪ್ಪು. ಇದರ ಗುಟ್ಟನ್ನು ಫೆಲ್ಡ್‌ಮನ್ ಅವರೇ ಆಮೇಲೆ ಹೇಳಿದರು. ಬರೆದ ಕೆಲವೇ ವಾರಗಳಲ್ಲಿ ಹತ್ತು ಹನ್ನೆರಡು ಮಂದಿ, ಬಹುಪಾಲು ಸ್ನೇಹಿತರೇ, ಅದನ್ನು ಬಳಸತೊಡಗಿದ್ದರಂತೆ. ಅವರಿಗೆ ತೊಂದರೆ ಯಾಕೆಂದು ಬದಲಿಸದೆ ಬಿಟ್ಟರಂತೆ! ಆ ಹನ್ನೆರಡು ಮಂದಿಯ ದಾಕ್ಷಿಣ್ಯದ ಭಾರವನ್ನು ‘ಗ್ನೂ ಮೇಕ್’ ಬಳಸುವವರು ಇಂದಿಗೂ ಹೊರುತ್ತಿದ್ದಾರೆ.

ಬೆಕ್ಕು ಕಟ್ಟಿದರೆ ನಕ್ಕು ಸುಮ್ಮನಾಗಬಹುದು. ಕಾರಣ ತಿಳಿಯದೆ ಕಂಬವನ್ನೇ ಕಿತ್ತರೆ?

2006ರಲ್ಲಿ ಆದದ್ದು ಅದೇ. ಅಂತರಜಾಲದ ವ್ಯವಹಾರಕ್ಕೆ ರಹಸ್ಯ ಕೀಲಿಗಳನ್ನು ತಯಾರಿಸುವ ‘ಓಪನ್‌ಎಸ್‌ಎಸ್‌ಎಲ್’ ಒಂದು ಮುಕ್ತ ತಂತ್ರಾಂಶ. ‘ಡೆಬಿಯನ್’ ಬಳಗಕ್ಕಾಗಿ ಅದನ್ನು ಸಿದ್ಧಪಡಿಸುತ್ತಿದ್ದವರಿಗೆ, ತಪ್ಪು ಹುಡುಕುವ ಉಪಕರಣವೊಂದು ಎರಡು ಸಾಲುಗಳ ಮೇಲೆ ದೂರು ಹೇಳಿತು. ಅವರು ಅವಸರ ಮಾಡಲಿಲ್ಲ. ಮೂಲ ತಂಡವನ್ನು ಕೇಳಿದರು. ತಪ್ಪು ಹುಡುಕಲು ಅನುಕೂಲವಾಗುವುದಾದರೆ ತೆಗೆಯಬಹುದೆಂಬ ಉತ್ತರವೂ ಬಂತು. ಸಾಲುಗಳು ಹೋದವು.

ಅವುಗಳಲ್ಲಿ ಒಂದು, ಯಾರೂ ಊಹಿಸಲಾಗದ ಸಂಖ್ಯೆಗೆ ಬೇಕಾದ ಅಸ್ತವ್ಯಸ್ತತೆಯನ್ನೆಲ್ಲ ಕಲೆಸುವ ಸಾಲು. ಅದು ಯಾಕಿದೆ ಎಂದು ಅದರ ಪಕ್ಕ ಒಂದಕ್ಷರವೂ ಬರೆದಿರಲಿಲ್ಲ. ಅದು ಹೋದ ಮೇಲೆ ಉಳಿದದ್ದು, ಓಡುತ್ತಿರುವ ಪ್ರೋಗ್ರಾಮಿಗೆ ಕಂಪ್ಯೂಟರ್ ಕೊಡುವ ಕ್ರಮಸಂಖ್ಯೆ ಮಾತ್ರ. ಎಣಿಸಲಾರದಷ್ಟು ಇರಬೇಕಾದ ಕೀಲಿಗಳು ಒಂದೊಂದು ಬಗೆಗೆ, ಒಂದೊಂದು ಅಳತೆಗೆ ಸುಮಾರು 32 ಸಾವಿರಕ್ಕೆ ಇಳಿದವು. ಕಳ್ಳನಿಗೆ ಅಷ್ಟನ್ನೂ ಒಂದೊಂದಾಗಿ ತಿರುಗಿಸಿ ನೋಡುವುದು ಏನೂ ಕಷ್ಟವಲ್ಲ. ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಡೆಬಿಯನ್, ಅದರ ಮೇಲೆ ಕಟ್ಟಿದ ಉಬುಂಟು ಬಳಸುತ್ತಿದ್ದವರು ಆ ಅವಧಿಯ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಮುಕ್ತ ತಂತ್ರಾಂಶದಲ್ಲಿ ಎಲ್ಲವೂ ಬಯಲಲ್ಲೇ ಇದೆ, ಯಾರು ಬೇಕಾದರೂ ಓದಬಹುದು ಎನ್ನುತ್ತಾರೆ. ನಿಜ. ಆದರೆ ಏನು ಮಾಡಬೇಕೆಂದು ಯಂತ್ರಕ್ಕೆ ಹೇಳುವ ಸಾಲು, ಯಾಕೆ ಮಾಡಬೇಕೆಂದು ಮನುಷ್ಯನಿಗೆ ಹೇಳುವುದಿಲ್ಲ. ಬರೆದವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅವರ ಜೊತೆ ಕಾರಣವೂ ಹೋಗುತ್ತದೆ.

ಇದನ್ನು ಅರಿತವರೂ ಇದ್ದಾರೆ. ಪೈಥಾನ್ ಭಾಷೆಯ ಬಳಗ 2000ದಿಂದಲೂ ‘ಪೆಪ್’ ಎಂಬ ಪತ್ರಗಳನ್ನು ಇಟ್ಟುಕೊಂಡು ಬಂದಿದೆ. ಭಾಷೆಗೆ ದೊಡ್ಡದೇನಾದರೂ ಸೇರಬೇಕಾದರೆ ಯಾಕೆ ಬೇಕು, ಯಾರ ಆಕ್ಷೇಪವೇನು, ಬೇರೆ ಯಾವ ದಾರಿಗಳನ್ನು ಕೈಬಿಟ್ಟದ್ದು ಎಂದು ಬರೆಯಬೇಕು. ತಿರಸ್ಕೃತವಾದ ಪತ್ರಗಳನ್ನೂ ಎಸೆಯುವುದಿಲ್ಲ. 2018ರಲ್ಲಿ 572ನೇ ಪೆಪ್ ಕುರಿತು ಎದ್ದ ಜಗಳದಿಂದ ಬೇಸತ್ತು, ಭಾಷೆಯ ಜನಕ ಗೀಡೋ ವಾನ್ ರಾಸಮ್ ತೀರ್ಮಾನ ಹೇಳುವ ಸ್ಥಾನವನ್ನೇ ಬಿಟ್ಟರು. ಜಗಳ ತಣ್ಣಗಾಗಿದೆ. ಬಿಟ್ಟುಕೊಟ್ಟ ದಾರಿಗಳ ಪಟ್ಟಿ ಮಾತ್ರ ಆ ಪತ್ರದಲ್ಲಿ ಹಾಗೆಯೇ ಇದೆ. ನಾಳೆ ಬರುವವನು ಅದೇ ಜಗಳವನ್ನು ಮೊದಲಿನಿಂದ ಆಡಬೇಕಾಗಿಲ್ಲ.

ಓಪನ್‌ಎಸ್‌ಎಸ್‌ಎಲ್‌ನವರೂ ಪಾಠ ಕಲಿತರು. ಆ ಸಾಲಿನ ಬಳಿ ಟಿಪ್ಪಣಿಯೊಂದನ್ನು ಸೇರಿಸಿದರು: ಉಪಕರಣಗಳು ದೂರು ಹೇಳುವುದು ಗೊತ್ತಿದೆ, ಆದರೂ ಇದನ್ನು ತೆಗೆಯಬೇಡಿ, ತೆಗೆದರೆ ಕೀಲಿಗಳು ಕೆಡುತ್ತವೆ ಎಂದು. ಎರಡು ವರ್ಷ ಮೊದಲೇ ಬರೆದಿದ್ದರೆ ಎರಡು ನಿಮಿಷದ ಕೆಲಸ.